ಘಟ್ಟಕ್ಕೆ ಹೋಗಿ ರಸ್ತೆ ನೋಡಿ ಬಂದದ್ದು

ಬೆಳಿಗ್ಗೆ ಎದ್ದು ತುಳಸಿಕಟ್ಟೆಗೆ ನೀರು ಹಾಕಿದೆ. ಹಾಲು ಕಾಯಿಸಿದೆ, ಎಂದಿನಂತೆ ಸ್ವಲ್ಪ ಉಕ್ಕಿಸಿದೆ. ಶೇಂಗಾ ಹುರಿದು, ಸಿಪ್ಪೆ ಊದಿ, ಚಟ್ನಿಪುಡಿ ಮಾಡಿದೆ. ಇವರ ಕಣ್ಣಿಗೆ ಔಷಧದ ಹನಿ ಹಾಕಿದೆ. ಪುಂಡಿಸೊಪ್ಪು ಬಿಡಿಸಿಟ್ಟೆ. ಕಾರಿನೊಳಗಿದ್ದ ಬಾಚಣಿಗೆ, ಮಂತ್ರಾಕ್ಷತೆಯ ಪೊಟ್ಟಣ, ಒಣಗಿ ಕಲ್ಲಾದ ಒಂದು ನಿಂಬೆಹಣ್ಣು, ಇಷ್ಟನ್ನೂ ತೆಗೆದು ಮನೆಯೊಳಗಿಟ್ಟೆ. ತಿಂಡಿಯ ಹೊತ್ತಿಗೆ ನಮ್ಮ ಕಾರು ಕೊಂಡವರು ಮೋಕ ಎಂಬ ಊರಿನಿಂದ ಬಂದು ಅದನ್ನು ತೆಗೆದುಕೊಂಡು ಹೋದರು. ಆಮೇಲೆ ಕಾರು ನಿಲ್ಲುತ್ತಿದ್ದ ಜಾಗ ಗುಡಿಸಿ ರಂಗೋಲಿ ಹಾಕಿದೆ. ಆ ಜಾಗ ಅಷ್ಟು ದೊಡ್ಡದೆಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

ಇವರು ಎಂದರೆ ನನ್ನ ಯಜಮಾನರು. ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇವರ ಕಣ್ಣಿನ ನರ ಸೊರಗಿದೆಯಂತೆ. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಹೋದ ನೋಟ ಮರಳುವುದಿಲ್ಲ, ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಅವರು ಹೇಳಿದ್ದನ್ನು ಇವರು ಅರ್ಜಿ ವಿಲೇವಾರಿ ಮಾಡುವಷ್ಟೇ ಶಾಂತವಾಗಿ ಒಪ್ಪಿಕೊಂಡರು. ನನಗೆ ಮಾತ್ರ ಹೋದ ವರ್ಷದ ಘಟ್ಟ ನೆನಪಾಯಿತು.

ಬೆಟ್ಟದ ಹಳ್ಳಿಗಳ ನಡುವೆ ಸ್ವಂತ ಗಾಡಿ ಓಡಿಸಿಕೊಂಡು ಹೋಗಬೇಕೆಂಬುದು ಇವರ ಬಹುದಿನದ ಆಸೆ. ಬಳ್ಳಾರಿಯವರಿಗೆ ಬೆಟ್ಟಕ್ಕೇನು ಬರವೇ ಎಂದು ನೀವು ಕೇಳಬಹುದು. ನಮ್ಮವು ಬೆಟ್ಟಗಳೇ, ಆದರೆ ಯಾರೋ ದೊಡ್ಡವರು ಆಡುತ್ತ ಆಡುತ್ತ ಗುಂಡುಗಳನ್ನು ಪೇರಿಸಿ, ಊಟಕ್ಕೆ ಕರೆದರೆಂದು ಎದ್ದು ಹೋದಂಥವು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಮ್ಮವು ಹತ್ತಿರದಿಂದಲೂ ನುಣ್ಣಗೇ. ಇವರಿಗೆ ಬೇಕಾಗಿದ್ದು ಹಸಿರು ಹೊದ್ದ ಬೆಟ್ಟ, ಹಾವಿನಂತೆ ಸುತ್ತುವ ರಸ್ತೆ, ತಿರುವಿಗೊಂದು ಹಳ್ಳಿ. ಹೋದ ವರ್ಷ ಚಳಿಗಾಲದಲ್ಲಿ ಚಿಕ್ಕಮಗಳೂರಿನ ಆಚೆಯ ಘಟ್ಟಗಳಿಗೆ ಹೊರಟೇಬಿಟ್ಟೆವು.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ಇವರು ಗಾಡಿ ಓಡಿಸುವಾಗ ನಾನು ಪಕ್ಕದಲ್ಲಿ ಕೂತು ರಸ್ತೆ ಕಾಯುತ್ತೇನೆ. ಅದಿರಿನ ಲಾರಿಗಳ ನಡುವೆ ಸಂಸಾರ ಮಾಡಿದವಳು ನಾನು. ಕುಡತಿನಿಯ ಕಡೆ ಹೋಗುವಾಗ ಒಮ್ಮೆ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿದ ಮೇಲೆ, ಒಬ್ಬರ ಕಣ್ಣು ಸಾಲದು ಎಂದು ನನ್ನವೆರಡನ್ನೂ ಸೇರಿಸಿಬಿಟ್ಟೆ. "ಲಾರಿ ಬಂತ್ರಿ", "ಎಮ್ಮಿ ಐತ್ರಿ", "ಹಂಪ್ ಬಂತ್ರಿ" ಎಂದು ಹೇಳುತ್ತಿರುವುದು ನನ್ನ ಕೆಲಸ. "ಹೂಂ" ಎನ್ನುವುದು ಇವರದು. ಕೆಲವು ದಂಪತಿಗಳು ಗಾಡಿಯಲ್ಲಿ ಹಾಡು ಕೇಳುತ್ತಾರೆ. ನಮಗೆ ಇದೇ ಹಾಡು.

ಘಟ್ಟದಲ್ಲೂ ಅದನ್ನೇ ಹಾಡಿದೆವು. ಮೂರು ದಿನ ತಿರುಗಿದೆವು. ಮಧ್ಯಾಹ್ನ ಮಂಗಗಳಿಗೆ ಹೆದರಿ ಗಾಜು ಏರಿಸಿಕೊಂಡು ಗಾಡಿಯೊಳಗೇ ಮೊಸರನ್ನ ತಿಂದೆವು. ನಮ್ಮ ಉಸಿರಿಗೆ ಗಾಜೆಲ್ಲ ಮಂಜಾಯಿತು. ಉಳಿದುಕೊಳ್ಳುವ ಊರು ಮುಟ್ಟುವಾಗ ಕತ್ತಲೆ, ಬೆಳಿಗ್ಗೆ ಹೊರಡುವಾಗ ದಟ್ಟ ಮಂಜು. ಫೋಟೋ ತೆಗೆದೆವು. ಎಲ್ಲದರಲ್ಲೂ ಕಾರು ಚೆನ್ನಾಗಿ ಬಂದಿದೆ, ಬೆಟ್ಟ ಕಾರಿನ ಹಿಂದಿದೆ.

ಎಲ್ಲಿಗೇ ಹೋಗಿ ಬಂದರೂ ನಾವು ಮೊದಲು ಸಿರುಗುಪ್ಪಕ್ಕೆ ಹೋಗಿ ಇವರ ಅಕ್ಕನಿಗೆ ಸುದ್ದಿ ಹೇಳಬೇಕು. ಅವರಿಗೆ ಮೊಣಕಾಲು ನೋವು, ಹೊರಗೆ ತಿರುಗಲಾಗುವುದಿಲ್ಲ. ಹೋದವರು ಬಂದು ಹೇಳಿದ್ದೇ ಅವರ ತಿರುಗಾಟ. ಕಾಶಿಯನ್ನೂ ಬದರಿಯನ್ನೂ ಅವರು ಹಾಗೆಯೇ, ಕಿವಿಯಿಂದಲೇ ಮಾಡಿ ಮುಗಿಸಿದ್ದಾರೆ. ಅವತ್ತು ನಮಗಾಗಿ ಹೋಳಿಗೆ ಮಾಡಿಸಿ, ಮಂಚದ ಮೇಲೆ ದಿಂಬಿಗೆ ಒರಗಿ ಸಜ್ಜಾಗಿದ್ದರು.

"ಹೇಳೋ ರಾಘು, ಬೆಟ್ಟ ಹೆಂಗಿದ್ವು? ಮನಿ ಹೆಂಗ ಕಟ್ಯಾರ ಅಲ್ಲಿ ಮಂದಿ?"

"ಅದನ್ನ ಸುಧಾ ಹೇಳ್ತಾಳ ಅಕ್ಕಾ. ನಾ ಸ್ಟೇರಿಂಗ್ ಹಿಡಿದಾವ, ನೋಡಾಕ ಎಲ್ಲಿ ಆಗತೈತಿ? ಆಕಿ ಆರಾಮ ಕುಂತು ನೋಡ್ಯಾಳ."

ನಾನು ಹೋಳಿಗೆ ಮುರಿಯುತ್ತಿದ್ದವಳು ಕೈ ತಡೆದೆ. "ನಾ ಎಲ್ಲಿ ನೋಡೇನ್ರಿ? ನಾ ರಸ್ತೆ ಕಾಯಲಿಲ್ಲೇನು? ನಾ ಕಾಯ್ತೀನಿ ಅಂತ ನೀವು ಅತ್ತಿತ್ತ ನೋಡ್ತೀರಿ ಅಂದ್ಕೊಂಡಿದ್ದೆ."

ಅಕ್ಕ ಇಬ್ಬರ ಮುಖವನ್ನೂ ನೋಡಿದರು. "ಅಂದ್ರ ನಾಕ್ ಕಣ್ಣು ಕೂಡಿ ಡಾಂಬರು ನೋಡಿ ಬಂದ್ರೇನು? ಅದು ಸಿರುಗುಪ್ಪದಾಗ ಇದ್ದಿಲ್ಲೇನ್ರೇ?"

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕರು. ಆದರೆ ನಗು ಮುಗಿದ ಮೇಲೆ ಅವರು ಬೆನ್ನಿನ ದಿಂಬನ್ನು ತೆಗೆದು ಪಕ್ಕಕ್ಕಿಟ್ಟು ಮಲಗಿಕೊಂಡರು. ಕಥೆ ಕೇಳಲು ಎದ್ದು ಕೂತಿದ್ದ ಮಗುವಿಗೆ ಇವತ್ತು ಕಥೆಯಿಲ್ಲ ಎಂದ ಹಾಗೆ. "ಇರ್ಲಿ ಬಿಡು, ಮುಂದಿನ ವರ್ಷ ಮತ್ತ ಹೋಗಿ ಬರ್ರಿ. ಅವಾಗರ ಒಬ್ರು ಕಿಡಕಿ ಕಡೆ ನೋಡ್ರಿ" ಎಂದರು.

ಮುಂದಿನ ವರ್ಷ ಎಂಬುದು ಬಂದಿದೆ, ಇವರ ನೋಟ ಹೋಗಿದೆ. ಬಾಡಿಗೆ ಕಾರಿಗೇನು, ಬಳ್ಳಾರಿಯಲ್ಲಿ ಬೇಕಾದಷ್ಟಿವೆ. ಪಕ್ಕದ ನೋಟ ಬಾಡಿಗೆಗೆ ಸಿಗುವುದಿಲ್ಲ. ಹಿಂದೆ ಬೆಟ್ಟಗಳಿಗೆ ರೆಕ್ಕೆ ಇದ್ದವಂತೆ. ಎಲ್ಲೆಂದರಲ್ಲಿ ಹಾರಿ ಕೂರುತ್ತಿದ್ದವೆಂದು ಇಂದ್ರ ವಜ್ರಾಯುಧದಿಂದ ಕತ್ತರಿಸಿ ಹಾಕಿದನಂತೆ. ಪಾಪ, ಅವನು ಅಷ್ಟು ಕಷ್ಟಪಟ್ಟು ನಿಲ್ಲಿಸಿದ ಬೆಟ್ಟಗಳನ್ನು ನಾವು ಗಾಡಿಯಲ್ಲಿ ಕೂತು, ಒಂದನ್ನೂ ನೋಡದೆ, ಮತ್ತೆ ಹಾರಿಸಿಬಿಟ್ಟೆವು. ಅಜಾಗರೂಕತೆಯಿಂದ ಕಳೆದುಕೊಂಡಿದ್ದರೆ ಬೈದುಕೊಳ್ಳಲು ಒಂದು ದಾರಿಯಿರುತ್ತಿತ್ತು. ನಾವು ಕಳೆದುಕೊಂಡದ್ದು ಜಾಗರೂಕತೆಯಿಂದ, ಅದೂ ಒಬ್ಬರನ್ನೊಬ್ಬರು ನಂಬಿ. ಇದಕ್ಕೆ ಯಾರನ್ನು ಬೈಯುವುದು?

ಕಾರು ಹೋದ ಮೇಲೆ ಇವರು ಒಳಗೂ ಹೊರಗೂ ನಾಲ್ಕು ಸಲ ತಿರುಗಿದರು. ಆಮೇಲೆ ಚಪ್ಪಲಿ ಮೆಟ್ಟಿ ನಿಂತು, "ಕುರುಗೋಡಿಗೆ ಹೋಗಿ ಬರೋಣೇನು? ಬಸ್ಸಿನಾಗ?" ಎಂದರು. ಕೆಲಸವೇನೆಂದು ನಾನು ಕೇಳಲಿಲ್ಲ. ನಮ್ಮ ಪಾಲಿಗೆ ಹತ್ತಿರದ ಬೆಟ್ಟದೂರು ಅದೇ.

ಬಸ್ಸಿನಲ್ಲಿ ಇವರನ್ನು ಕಿಟಕಿಗೆ ಕೂರಿಸಿದೆ. ಮೊದಲ ಸ್ವಲ್ಪ ಹೊತ್ತು ಇಬ್ಬರೂ ಡ್ರೈವರನ ಗಾಜಿನ ಕಡೆಗೇ ನೋಡುತ್ತ ಕೂತೆವು. ಎದುರಿಗೊಂದು ಟ್ರ್ಯಾಕ್ಟರು ಬಂದಾಗ "ಟ್ರ್ಯಾಕ್ಟರ್ ಬಂತ್ರಿ" ಎಂದೂ ಹೇಳಿಬಿಟ್ಟೆ. ಇವರು "ಹೂಂ" ಅಂದರು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಊರು ಹತ್ತಿರವಾದಾಗ ನಾನೇ ಇವರ ಗಲ್ಲ ಹಿಡಿದು ಕಿಟಕಿಗೆ ತಿರುಗಿಸಿದೆ.

"ಅಲ್ಲಿ ನೋಡ್ರಿ. ಒಂದು ಗುಂಡಿನ ಮ್ಯಾಲ ಇನ್ನೊಂದು. ನಡುವ ಒಂದು ಗಿಡ ಬೆಳದೈತಿ. ಇನ್ನಾ ಸ್ವಲ್ಪ ಮ್ಯಾಲ... ಹಾಂ, ಅಲ್ಲೆ. ಕೆಳಗ ನೀಲಿ ಬಣ್ಣದ ಮನಿ. ಆಡು ಗುಂಡು ಹತ್ತಾಕತ್ತಾವು."

ಇವರು ಗೂಬೆಯಂತೆ ಇಡೀ ತಲೆ ತಿರುಗಿಸಿ ಒಂದೊಂದನ್ನೇ ಹುಡುಕಿ ನೋಡಿದರು. ಹಿಂದಿನ ಸೀಟಿನ ಹೆಂಗಸು ತಡೆಯಲಾರದೆ ಕೇಳಿದಳು: "ಸಾಹೇಬ್ರಿಗೆ ನಮ್ಮೂರು ಹೊಸದೇನ್ರೀ ಅಮ್ಮಾರ?"

"ಊರು ಹಳೇದ ಐತವಾ, ನೋಡೋದು ಹೊಸದು" ಎಂದರು ಇವರು, ತಲೆ ತಿರುಗಿಸದೆ.

ಬಂಡೆಗಳ ಬುಡದಲ್ಲಿ ಸಂಜೆಯವರೆಗೆ ಕೂತಿದ್ದು ಬಂದೆವು. ಮನೆಗೆ ಬಂದು ಸಿರುಗುಪ್ಪಕ್ಕೆ ಫೋನು ಮಾಡಿ ಅಕ್ಕನಿಗೆ ಗುಂಡು, ಗಿಡ, ನೀಲಿ ಮನೆ, ಆಡು ಎಲ್ಲ ಹೇಳಿದೆ. "ಕುರುಗೋಡು ಗುಡ್ಡ ನಾನೂ ಕಂಡೀನಿ ಬಿಡವಾ" ಎಂದರು. ಆಮೇಲೆ, "ಆಡು ಯಾವ ಬಣ್ಣದವಿದ್ವು?" ಎಂದು ಕೇಳಿದರು. ಹೇಳಿದೆ.

ರಾತ್ರಿ ರೊಟ್ಟಿ, ಪುಂಡಿಪಲ್ಯ, ಬೆಳಗಿನ ಚಟ್ನಿಪುಡಿಗೆ ಮೊಸರು ಕಲಸಿಕೊಂಡು ತಿಂದೆವು. ಮಲಗುವ ಮುಂಚೆ ಹೊರಗೆ ಹೋಗಿ ಕಾರಿನ ನಾಲ್ಕೂ ಬಾಗಿಲು ಎಳೆದು ನೋಡಿ ಬರುವುದು ಇವರ ಅಭ್ಯಾಸವಾಗಿತ್ತು. ಇವರು ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು. ಇವತ್ತು ಎಳೆದು ನೋಡಲು ಬಾಗಿಲಿರಲಿಲ್ಲ. ನಾನು ಕಣ್ಣು ಮುಚ್ಚಿ ಘಟ್ಟದ ಒಂದಾದರೂ ಹಳ್ಳಿಯನ್ನು ನೆನಪಿಗೆ ತರಲು ನೋಡಿದೆ. ಹಾಲಿನ ವ್ಯಾನು ಬಂತು, ತಿರುವಿನ ಹಳದಿ ಫಲಕ ಬಂತು, ಬಸ್ಸು ಬಂತು. ಇವರಿಗೆ ಹೇಳೋಣವೆಂದು ಹೊರಳಿದರೆ ಇವರು ಆಗಲೇ ನಿದ್ದೆ ಹೋಗಿದ್ದರು.