ಫಲಕದ ಹಿಂದೆ ನಿಂತ ಪಾವ್‌ಚೂ

ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾನ್‌ಛೊಂಗ್‌ನ ಮೇಲ್ಸೇತುವೆಯ ಕೆಳಗೆ ಹತ್ತಿಪ್ಪತ್ತು ಮಂದಿ ವಯಸ್ಸಾದವರು ಗೋಡೆಗೊರಗಿ ಕೂತಿದ್ದಾರೆ. ಸಣ್ಣ ಲಾರಿಯೊಂದು ಬಂದು ನಿಲ್ಲುತ್ತದೆ. ಮೇಸ್ತ್ರಿ ಶಾವ್ ಇಳಿದವನೇ ಒಬ್ಬೊಬ್ಬರನ್ನೇ ಬೆರಳು ಮಾಡಿ ಹತ್ತಿಸುತ್ತಾನೆ. ತ್ಸಾಯ್ ಪಾವ್‌ಚೂ ಮಂಡಿ ಹಿಡಿದುಕೊಂಡು ಎದ್ದು ಎಲ್ಲರಿಗಿಂತ ಮೊದಲು ಲಾರಿಯ ಹತ್ತಿರ ಬರುತ್ತಾರೆ.

"ಏನಜ್ಜಿ, ತಲೆಗೆ ಬಣ್ಣ ಹಚ್ಚಿದೀಯ! ಗಂಡು ನೋಡೋಕೆ ಬರ್ತಿದಾನಾ?" ಎಂದು ಶಾವ್ ಕೆಣಕುತ್ತಾನೆ.

"ಬಂದ್ರೆ ನಿನ್ನತ್ರ ಕಳಿಸ್ತೀನಿ, ತೆರ ಎಷ್ಟು ಅಂತ ನೀನೇ ಮಾತಾಡು. ಈಗ ಕೈ ಕೊಡು, ಹತ್ತಬೇಕು."

ಲಾರಿ ಗುಡ್ಡ ಹತ್ತಿ ಲಿನ್‌ಕೋ ಬಡಾವಣೆ ತಲುಪುವಷ್ಟರಲ್ಲಿ ಮಂಜು ಕವಿದಿರುತ್ತದೆ. ಹಿಂದೆ ಚಹಾ ಗಿಡಗಳಿದ್ದ ಜಾಗದಲ್ಲಿ ಈಗ ಇಪ್ಪತ್ತು ಮಹಡಿಗೆ ಕಡಿಮೆ ಇಲ್ಲದ ಕಟ್ಟಡಗಳು ಎದ್ದಿವೆ. ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರನ್ನು ಇಳಿಸಿ, ಕೈಗೊಂದು ಫಲಕ ಕೊಟ್ಟು ಲಾರಿ ಮುಂದೆ ಹೋಗುತ್ತದೆ. ಪಾವ್‌ಚೂ ಇಳಿಯುವುದು ನಾಲ್ಕು ರಸ್ತೆ ಕೂಡುವಲ್ಲಿ. ಅವರ ಫಲಕ ಅವರಿಗಿಂತ ಎತ್ತರ. 'ಅರಣ್ಯ ಅರಮನೆ: ಮೂರು ತಲೆಮಾರು ನೆಮ್ಮದಿಯಾಗಿ ಬಾಳಲು' ಎಂದು ಚಿನ್ನದ ಬಣ್ಣದಲ್ಲಿ ಬರೆದು, ಕೆಳಗೊಂದು ಕೆಂಪು ಬಾಣ ಬಿಡಿಸಿದ್ದಾರೆ. ಸಂಜೆಯವರೆಗೆ ಆ ಬಾಣ ಎಡಕ್ಕೇ ತೋರಿಸುವಂತೆ ಹಿಡಿದು ನಿಲ್ಲುವುದು ಅವರ ಕೆಲಸ.

ಎಲೆಮರೆಯ ಕಾಯಿ ಎಂದು ಇವರನ್ನು ಕರೆಯಲು ನಾಲಿಗೆ ಬರುವುದಿಲ್ಲ. ಮರೆಯಲ್ಲಿದ್ದರೆ ತಾನೇ ಹಾಗೆ ಕರೆಯುವುದು? ಹನ್ನೊಂದು ವರ್ಷದಿಂದ ಎಲ್ಲರ ಕಣ್ಣೆದುರು ನಡುಬೀದಿಯಲ್ಲಿ ನಿಂತಿದ್ದಾರೆ. ಆದರೂ ಈ ಬಡಾವಣೆಯಲ್ಲಿ ಅವರ ಹೆಸರು ಗೊತ್ತಿರುವವರನ್ನು ಹುಡುಕಿ ಸುಸ್ತಾಗಬೇಕು.

ಒಂದು ಕಂಬ ನೆಟ್ಟು ಫಲಕ ಕಟ್ಟಿದರೆ ಆಗದೇ ಎಂದು ಕೇಳಬಹುದು. ಆಗದು. ನೆಲಕ್ಕೆ ಊರಿದ ಫಲಕ ಕಸದ ಲೆಕ್ಕ. ನಗರಸಭೆಯವರು ಕಿತ್ತುಕೊಂಡು ಹೋಗಿ ದಂಡ ಹಾಕುತ್ತಾರೆ. ಮನುಷ್ಯರ ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಮನೆ ಮಾರುವವರು ಕಂಬದ ಬದಲು ಮುದುಕರನ್ನು ತಂದು ನಿಲ್ಲಿಸಿದ್ದಾರೆ. ಕಂಬಕ್ಕಿಂತ ಇದೇ ಅಗ್ಗ.

"ನನ್ನ ಮುಖ ಯಾರೂ ನೋಡಲ್ಲ. ಬಾಣ ನೋಡ್ತಾರೆ, ಗಾಡಿ ತಿರುಗಿಸ್ತಾರೆ. ಗಾಳಿ ಬಂದ್ರೆ ಫಲಕ ನನ್ನನ್ನೇ ಎತ್ಕೊಂಡು ಹೋಗುತ್ತೆ. ನೀರು ಜಾಸ್ತಿ ಕುಡಿಯಲ್ಲ. ಶೌಚಕ್ಕೆ ಹೋಗ್ಬೇಕು ಅಂದ್ರೆ ಇದನ್ನ ಯಾರ ಕೈಗೆ ಕೊಡ್ಲಿ?" ಎಂದು ನಗುತ್ತಾರೆ ಪಾವ್‌ಚೂ. ದಿನಕ್ಕೆ ಎಂಟುನೂರು ಸಿಗುತ್ತದೆ. ಅದೂ ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಮಾರುಕಟ್ಟೆಯಲ್ಲಿ ಸೊಪ್ಪು ಬಿಡಿಸುತ್ತಾರೆ. ಪಂಚಾಂಗದ ಏಳನೆಯ ತಿಂಗಳಲ್ಲಿ ದೆವ್ವಗಳು ತಿರುಗುತ್ತವೆಂದು ಯಾರೂ ಮನೆ ಕೊಳ್ಳುವುದಿಲ್ಲ, ಆಗ ಇವರಿಗೂ ಕೆಲಸವಿಲ್ಲ.

ಪ್ರಾಯದಲ್ಲಿ ಅವರು ಕೊಡೆ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ ಕಡಲಾಚೆಗೆ ಹೋಯಿತು. ಜಲ್ಲಿ ಲಾರಿ ಓಡಿಸುತ್ತಿದ್ದ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಮಕ್ಕಳಿಲ್ಲ. ಹುಟ್ಟಿದಂದಿನಿಂದ ಬಾಡಿಗೆ ಮನೆಯೇ. ಈಗಿರುವುದು ಸಾನ್‌ಛೊಂಗ್‌ನ ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ತಗಡು ಹೊದಿಸಿ ಕಟ್ಟಿದ ಕೋಣೆ. ಆ ಕಟ್ಟಡವನ್ನೂ ಕೆಡವುತ್ತಾರಂತೆ. ಬೇಸಿಗೆಯಲ್ಲಿ ಬರುವ ದೋಣಿ ಹಬ್ಬದೊಳಗೆ ಖಾಲಿ ಮಾಡಬೇಕು.

ಮೂರು ತಿಂಗಳಿಂದ ಅವರು ಕೋಣೆ ಹುಡುಕುತ್ತಿದ್ದಾರೆ. ತಲೆಗೆ ಬಣ್ಣ ಹಚ್ಚಿದ್ದು ಅದಕ್ಕೇ. "ಫೋನಲ್ಲಿ ಮೊದಲು ಕೇಳೋದೇ ವಯಸ್ಸು. ಐವತ್ತೆಂಟು ಅಂತೀನಿ. ಎದುರಿಗೆ ಹೋದ್ರೆ ಬಣ್ಣ ಬಯಲಾಗುತ್ತೆ." ನಿಜವಾದ ವಯಸ್ಸು ಅರವತ್ತೊಂಬತ್ತು. ಒಂಟಿ ಮುದುಕರಿಗೆ ಇಲ್ಲಿ ಯಾರೂ ಕೋಣೆ ಕೊಡುವುದಿಲ್ಲ. ಬಾಡಿಗೆ ಬಾಕಿ ಉಳಿಯುತ್ತದೆಂಬ ಭಯವಲ್ಲ, ಒಳಗೇ ಸತ್ತುಬಿಟ್ಟರೆ ಎಂಬ ಭಯ. ಹೆಣ ಬಿದ್ದ ಮನೆ ಎಂದು ಒಮ್ಮೆ ಜನರ ಬಾಯಿಗೆ ಬಿದ್ದರೆ ಆಯಿತು, ಕೊಳ್ಳುವವರು ಅತ್ತ ತಲೆ ಹಾಕುವುದಿಲ್ಲ, ಬೆಲೆ ನೆಲ ಕಚ್ಚುತ್ತದೆ. ಮೂರು ತಲೆಮಾರು ಬಾಳಲು ಮನೆ ಕಟ್ಟುವ ಜನಕ್ಕೆ ಆ ಮೂರರಲ್ಲಿ ಮೊದಲನೆಯದು ಎಲ್ಲಿ ಸಾಯಬೇಕೆಂಬ ಯೋಚನೆ ಬಂದಂತಿಲ್ಲ. ನೆನೆದರೆ ಮೈ ಉರಿಯುತ್ತದೆ.

ಹಾಗೆಂದು ಬಡಾವಣೆಯಲ್ಲಿ ಒಳ್ಳೆಯವರಿಲ್ಲ ಎನ್ನಲಾಗದು. ವೆನ್‌ಚೀ ಎಂಬ ಹೆಂಗಸು ಮೂರು ವರ್ಷದ ಹಿಂದೆ ಗಂಡನ ಜೊತೆ ಸ್ಕೂಟರಿನಲ್ಲಿ ಬಂದು ಇವರನ್ನೇ ದಾರಿ ಕೇಳಿ, ಬಾಣದ ದಿಕ್ಕಿನಲ್ಲೇ ಹೋಗಿ ಮನೆ ಕೊಂಡವಳು. ಅಂದಿನಿಂದ ಆಗಾಗ ಇವರಿಗೆ ಬಿಸಿ ಸೋಯಾ ಹಾಲು ತಂದುಕೊಡುತ್ತಿದ್ದಳು. ಇವರ ಕಷ್ಟ ಕೇಳಿ ಅವಳೇ ಹೇಳಿದಳು: "ಹಳೇ ಬೀದೀಲಿ ನಮ್ಮತ್ತೆ ಮನೆ ಹಿಂದೆ ಒಂದು ಕೋಣೆ ಖಾಲಿ ಇದೆ, ಆಂಟಿ. ಮಾತಾಡಿದೀನಿ. ಮಂಗಳವಾರ ಬಂದು ನೋಡಿ. ಆಗೇ ಆಗುತ್ತೆ."

ಆಗೇ ಆಗುತ್ತೆ ಎಂಬ ಮಾತನ್ನು ಪಾವ್‌ಚೂ ಪೂರ್ತಿ ನಂಬಿಬಿಟ್ಟರು. ಪಂಚಾಂಗ ತೆಗೆದು ನೋಡಿದರೆ ಮಂಗಳವಾರ ಮನೆ ಹೊಕ್ಕಲು ಒಳ್ಳೆಯ ದಿನ. ಹೊಸ ಮನೆಗೆ ಮೊದಲು ಹೋಗಬೇಕಾದ್ದು ಅಕ್ಕಿ ಮತ್ತು ಪೊರಕೆ. ಒಳ್ಳೆಯ ಅಕ್ಕಿಯದೊಂದು ಚೀಲ ಕೊಂಡು, ಹೊಸ ಪೊರಕೆಗೆ ಕೆಂಪು ದಾರ ಸುತ್ತಿ, ಎರಡನ್ನೂ ಹಿಡಿದು ಬಸ್ಸು ಹತ್ತಿದರು. ಕೋಣೆ ನೋಡಲು ಹೋಗುವವರು ಯಾರಾದರೂ ಹೀಗೆ ಮಾಡುತ್ತಾರೆಯೇ? ಆಸೆ ಕಣ್ಣು ಮುಚ್ಚಿಸಿತ್ತು.

ಬಾಗಿಲು ತೆರೆದ ಅತ್ತೆ ಲ್ಯಾವ್ ಅವರು ವೆನ್‌ಚೀ ಜೊತೆ ಬಂದು ಕೋಣೆ ತೋರಿಸಿದರು. ಹಿತ್ತಲ ಕಡೆ ಕಿಟಕಿ, ಒಂದು ಮಂಚ, ನಲ್ಲಿ. ಪಾವ್‌ಚೂ ಅಕ್ಕಿ ಚೀಲವನ್ನು ಮೂಲೆಯಲ್ಲಿಟ್ಟು ಮಂಚದ ಮೇಲೆ ಕೂತರು. ಏಳುವಾಗ ಮಂಡಿ ಹಿಡಿದುಕೊಂಡರು.

"ವಯಸ್ಸೆಷ್ಟು ನಿಮಗೆ?"

"ಐವತ್ತೆಂಟು."

"ನನಗೆ ಎಪ್ಪತ್ತೊಂದು ಕಣಮ್ಮ, ಯಾರಿಗೆ ಹೇಳ್ತೀರಾ? ಆ ಮಂಡಿ ಏನು ಅಂತ ನನಗೆ ಗೊತ್ತಾಗಲ್ವಾ? ತಪ್ಪು ತಿಳ್ಕೋಬೇಡಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಮನೇನ ಯಾರು ತಗೋತಾರೆ? ನನ್ನ ಮಗನಿಗೆ ಅಂತ ನಾನು ಬಿಟ್ಟುಹೋಗೋದು ಇದೊಂದೇ."

ಪಾವ್‌ಚೂ ಆಗ ಆಡಿದ ಮಾತನ್ನು ಹೇಳುವಾಗ ಅವರ ದನಿಯಲ್ಲಿ ಅಳುವಿಲ್ಲ. "ನಿಮ್ಮ ಮನೆಯೊಳಗೆ ಸಾಯಲ್ಲ ತಾಯಿ ಅಂದೆ. ಮೈ ಸರಿಯಿಲ್ಲ ಅನ್ನಿಸಿದ ದಿನ ಬಾಗಿಲು ಎಳ್ಕೊಂಡು ಹೊರಗೆ ಹೋಗ್ತೀನಿ, ಬೇಕಾದ್ರೆ ಬರೆದುಕೊಡ್ತೀನಿ ಅಂದೆ."

ಲ್ಯಾವ್ ಅವರು ಅದನ್ನೂ ಯೋಚಿಸಿದರಂತೆ. "ಹೊರಗೆ ಅಂದ್ರೆ ಎಲ್ಲಿಗೆ? ಬಾಗಿಲ ಮುಂದೆ ಬಿದ್ರೂ ಹೆಸರು ಕೆಡೋದು ನಮ್ಮನೇದೇ."

ಪಕ್ಕದಲ್ಲಿದ್ದ ವೆನ್‌ಚೀ ಫೋನಿನಿಂದ ತಲೆ ಎತ್ತಲಿಲ್ಲ. ಪಾವ್‌ಚೂ ಪೊರಕೆ ತೆಗೆದುಕೊಂಡು ಅಕ್ಕಿ ಚೀಲಕ್ಕೆ ಬಗ್ಗಿದಾಗ ಅತ್ತೆ ತಡೆದರು. "ಅಕ್ಕಿ ಇರಲಿ. ಒಳಗೆ ಬಂದ ಅಕ್ಕಿ ಹೊರಗೆ ಹೋದ್ರೆ ಮನೆಗೆ ಒಳ್ಳೇದಲ್ಲ."

ಅಕ್ಕಿ ಉಳಿಯಿತು. ಪಾವ್‌ಚೂ ಹೊರಟು ಬಂದರು.

ಲ್ಯಾವ್ ಅವರು ಕೆಟ್ಟವರೇನಲ್ಲ. ದೇವಸ್ಥಾನಕ್ಕೆ ಹೋಗುತ್ತಾರೆ, ಬೀದಿ ನಾಯಿಗಳಿಗೆ ಅನ್ನ ಹಾಕುತ್ತಾರೆ. ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟವರಾಗಿದ್ದರೆ ಬಾಯಿ ತುಂಬ ಬೈದು ಸುಮ್ಮನಾಗಬಹುದಿತ್ತು.

ಹಬ್ಬಕ್ಕೆ ಎರಡು ವಾರ ಉಳಿದಿದೆ. ಹಳೆಯ ಮಾರುಕಟ್ಟೆ ಕಟ್ಟಡದ ಮೇಲ್ಮಹಡಿಯಲ್ಲಿ ಹಲಗೆ ಅಡ್ಡಗಟ್ಟಿ ಐದು ಮಂಚ ಹಾಕಿದ್ದಾರೆ. ವಾರದ ಬಾಡಿಗೆ, ಕಿಟಕಿ ಇಲ್ಲ, ವಯಸ್ಸು ಕೇಳುವುದಿಲ್ಲ. ಅದರಲ್ಲೊಂದನ್ನು ಪಾವ್‌ಚೂ ಹಿಡಿದಿದ್ದಾರೆ. ವೆನ್‌ಚೀ ಈಗ ಈ ನಾಲ್ಕು ರಸ್ತೆಯ ಕಡೆ ಬರುವುದಿಲ್ಲ. ಸುತ್ತು ಬಳಸಿನ ಇನ್ನೊಂದು ರಸ್ತೆಯಿದೆ.

ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂದಿದೆ. ಸ್ಕೂಟರೊಂದು ಪಾವ್‌ಚೂ ಎದುರು ನಿಲ್ಲುತ್ತದೆ. ಹುಡುಗಿ ತುಂಬು ಬಸುರಿ. ಹುಡುಗ ಶಿರಸ್ತ್ರಾಣ ಎತ್ತಿ ಫಲಕ ಓದುತ್ತಾನೆ.

"ಅಜ್ಜಿ, ನೀವು ಇಲ್ಲೇ ನಿಂತಿರ್ತೀರಲ್ಲ. ಮನೆ ತಗೋಬಹುದಾ? ಜಾಗ ಹೇಗೆ, ಜನ ಹೇಗೆ?"

ಪಾವ್‌ಚೂ ಗಾಳಿಗೆ ವಾಲಿದ ಬಾಣವನ್ನು ಎಡಕ್ಕೆ ತಿರುಗಿಸಿ ಹಿಡಿಯುತ್ತಾರೆ.

"ಒಳ್ಳೆ ಜಾಗ, ಒಳ್ಳೆ ಜನ. ಧೈರ್ಯವಾಗಿ ತಗೊಳ್ಳಿ ಮಗ, ಇಲ್ಲಿ ಯಾರೂ ಸಾಯೋ ಹಾಗಿಲ್ಲ."