ಮಬೇಲಾಕ್ಕೆ ಒಬ್ಬ ಸಿನಿಮಾ ವಿಲನ್

ಕೊಲ್ಲಿ ದೇಶದ ಅಲ್ ಖೌದಿನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ರಷ್ಯನ್ ನನ್ನ ಆಫೀಸಿನವನೇ, ಪೈಪ್‌ಲೈನಿನ ನಕ್ಷೆ ಬಿಡಿಸುವವ. ಆರಡಿ ಮೀರಿದ ಆಳು, ಬೋಳು ತಲೆ. ಗುರುವಾರ ಸಂಜೆ ನಮ್ಮನೆಯಲ್ಲಿ ಡಿವಿಡಿ ಹಾಕಿದರೆ ಅಮೆರಿಕದ ಸಿನಿಮಾಗಳಲ್ಲಿ ಥೇಟ್ ಅವನಂಥವರೇ ಜನರ ಕತ್ತು ಮುರಿಯುತ್ತಿದ್ದರು. ಅವನಿಗೆ ಮೈಯೆಲ್ಲ ಉರಿ. "ಇವರು ಆಡುವುದು ನಮ್ಮ ಭಾಷೆಯೇ ಅಲ್ಲ," ಎಂದು ರಿಮೋಟ್ ಕುಕ್ಕುತ್ತಿದ್ದ. ನಿಮ್ಮ ಸಿನಿಮಾದಲ್ಲಿ ಅಮೆರಿಕದವರು ಹೇಗಿರುತ್ತಾರೆ ಎಂದು ಕೇಳಿದೆ. "ಹಲ್ಲು ಬಿಳಿ, ಬುದ್ಧಿ ಸೊನ್ನೆ. ಕೊನೆಗೆ ಒದೆ ತಿನ್ನುತ್ತಾರೆ," ಎಂದ, ನಾಚಿಕೆಯೇ ಇಲ್ಲದೆ. ಅವನು ನಂಬುತ್ತಿದ್ದದ್ದು ಚಿಕ್ಕಂದಿನಲ್ಲಿ ತನ್ನೂರಿನ ಟಾಕೀಸಿನಲ್ಲಿ ಕಂಡ ಹಿಂದಿ ಚಿತ್ರಗಳನ್ನು ಮಾತ್ರ.

ಆಗ ನನ್ನ ಹೆಂಡತಿಯ ತಮ್ಮ ಅಲ್ಲೇ ಹತ್ತಿರದ ಮಬೇಲಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಊರಲ್ಲಿ ಅವನ ಅಮ್ಮ ಐಸಿಯುನಲ್ಲಿದ್ದರು. ಗ್ಯಾರೇಜಿನ ಯಜಮಾನ ಇವನ ಪಾಸ್‌ಪೋರ್ಟನ್ನು ಡ್ರಾಯರಿನಲ್ಲಿಟ್ಟುಕೊಂಡು ಕೊಡಲೊಲ್ಲ. ಕಾಲು ಹಿಡಿದದ್ದಾಯಿತು, ವೀಸಾ ಕೊಡಿಸಿದ ಕಫೀಲನಿಗೆ ಫೋನು ಮಾಡಿದ್ದಾಯಿತು. ತಲೆ ಕೆಟ್ಟು ಒಂದು ಸಂಜೆ ರಷ್ಯನ್ನನನ್ನು ಕಾರಿಗೆ ಹತ್ತಿಸಿದೆ. "ನೀನು ಬಾಯಿ ಬಿಡಬೇಡ. ಕೈ ಕಟ್ಟಿ ನಿಂತು ಗುರಾಯಿಸು, ಸಾಕು."

"ಹೊಡೆದಾಟ ಆದರೆ?"

"ಆಗಲಿ ಬಿಡು!" ಎಂದೆ. ಅವನಿಗೆ ಖುಷಿಯೋ ಖುಷಿ.

"ಪಾಸ್‌ಪೋರ್ಟ್ ನಹೀ ಮಿಲೇಗಾ. ಖಲಾಸ್," ಎಂದ ಯಜಮಾನ. ಬೆನ್ನ ಹಿಂದಿದ್ದ ಬೋಳು ತಲೆಯ ಧೈರ್ಯದಲ್ಲಿ ನಾನು ಮೇಜು ಗುದ್ದಿದೆ. ಬಡವನ ಕೋಪ ದವಡೆಗೆ ಮೂಲ. ಯಜಮಾನನ ಗುದ್ದು ನನ್ನ ಮೂಗಿಗೆ ಬಿತ್ತು, ಎರಡನೆಯದು ಬಾಯಿಗೆ. ಕೆಳಗೆ ಬಿದ್ದವನ ಪಕ್ಕೆಗೆ ಅವನ ಇಬ್ಬರು ಆಳುಗಳು ಬೂಟುಗಾಲಲ್ಲಿ ಒದ್ದರು. ಉಸಿರೇ ನಿಂತಿತು. ಈಗ ರಷ್ಯನ್ ಇವರ ಕತ್ತು ಮುರಿಯುತ್ತಾನೆ ಎಂದು ಕಾದೆ. ಅವನು ಕೈ ಕಟ್ಟಿ ನನ್ನನ್ನೇ ನೋಡುತ್ತ ನಿಂತಿದ್ದ! ಆಮೇಲೆ ಕಾರಿನಲ್ಲಿ ಹೇಳಿದ: ಹಿಂದಿ ಚಿತ್ರದಲ್ಲಿ ನಾಯಕ ಮೊದಲು ಚೆನ್ನಾಗಿ ಒದೆ ತಿನ್ನುತ್ತಾನಂತೆ, ತುಟಿಯ ರಕ್ತ ಕಂಡ ಮೇಲೆ ಎದ್ದು ಎಲ್ಲರನ್ನೂ ಚಚ್ಚುತ್ತಾನಂತೆ. ನಾನು ಏಳುವುದನ್ನೇ ಅವನು ಕಾಯುತ್ತಿದ್ದ. ಅಯ್ಯೋ ಪುಣ್ಯಾತ್ಮ, ನನ್ನ ಹಲ್ಲು ಆಗಲೇ ನಾಲಗೆಯ ಮೇಲಿತ್ತು.

ನಾನು ಏಳಲಿಲ್ಲ. ಅವನು ಗಾಬರಿಯಿಂದ ನನ್ನನ್ನು ಎತ್ತಲು ಬಗ್ಗಿದ. ಆಳೊಬ್ಬ ನನಗೆ ಬೀಸಿದ ಸ್ಪ್ಯಾನರು ಅವನ ಹಣೆ ಸೀಳಿತು. ರಕ್ತ ಬಿಳಿ ಶರ್ಟಿಗೆ ಸುರಿಯಿತು.

"ಅರೆ, ಗೋರಾ ಹೈ!" ಎಂದು, ಬಿಳಿಯನ ರಕ್ತ ಕಂಡು ಬೆದರಿದ ಯಜಮಾನ ತನ್ನ ಆಳಿನ ಕೆನ್ನೆಗೇ ಬಾರಿಸಿದ. ಕುರ್ಚಿ ಬಂತು, ಐಸು ಬಂತು, ತಣ್ಣನೆಯ ಪೆಪ್ಸಿ ಬಂತು. "ಪೊಲೀಸ್ ನಹೀ, ಸರ್, ಪ್ಲೀಸ್." ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು ಎರಡೂ ಕೈಯಲ್ಲಿ ರಷ್ಯನ್ನನಿಗೇ ಕೊಟ್ಟ. ಅವನು ಅದನ್ನು ಅಲ್ಲೇ ನಿಂತಿದ್ದ ಮೈದುನನ ಕೈಗಿಟ್ಟ.

ನಾನಿನ್ನೂ ನೆಲದ ಮೇಲೇ ಇದ್ದೆ. ಯಜಮಾನ ನನ್ನ ಮೂಗಿನಿಂದ ಸೋರಿದ್ದನ್ನು ಬೆರಳಲ್ಲಿ ತೋರಿಸಿ ಮೈದುನನಿಗೆ, "ಯೇ ಸಾಫ್ ಕರೋ," ಎಂದ. ಹುಡುಗ ಪಾಸ್‌ಪೋರ್ಟನ್ನು ಜೇಬಿಗಿಟ್ಟು, ಎಣ್ಣೆ ಒರೆಸುವ ಚಿಂದಿ ತಂದು, ಮೊಣಕಾಲೂರಿ ನನ್ನ ರಕ್ತ ಒರೆಸತೊಡಗಿದ. ನನಗೆ ಆ ಯಜಮಾನನನ್ನು ಅಲ್ಲೇ ಕೊಂದುಬಿಡಬೇಕು ಅನಿಸಿತು. ಕೈಗೆ ಸ್ಪ್ಯಾನರೂ ಸಿಕ್ಕಿತು.

ಮೈದುನ ನನ್ನ ಮಣಿಕಟ್ಟು ಒತ್ತಿ ಹಿಡಿದ. "ಬೇಡ ಭಾವ. ಸುಮ್ನಿರಿ ಮಾರಾಯ್ರೆ, ನಂಗೆ ಅಮ್ಮನನ್ನು ನೋಡ್ಬೇಕು."