ದಾರಿ ಕೇಳುತ್ತಿದ್ದ ಮೇಷ್ಟ್ರು

ಹಾಸನದ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ಜೂನ್ ತಿಂಗಳು ಬಂತೆಂದರೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಬೇರೆ ಸೀಮೆಯಿಂದ ಬಂದು ನಮ್ಮ ಜಿಲ್ಲೆಯಲ್ಲಿ ನೆಲೆನಿಂತವರ ಮಕ್ಕಳೆಲ್ಲ ಅರ್ಜಿ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆವು. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವ ಕಾಗದ ಯಾರ ಹತ್ತಿರ ಮಾಡಿಸಬೇಕು ಎಂದು ಹೇಳಲು ಅವರನ್ನು ಯಾರೂ ನೇಮಿಸಿರಲಿಲ್ಲ. ಅದು ಆಫೀಸಿನ ಗುಮಾಸ್ತರ ಕೆಲಸ. ಗುಮಾಸ್ತರೋ, ನಮ್ಮನ್ನು ಕಂಡ ಕೂಡಲೇ ಕನ್ನಡಕ ಒರೆಸಿಕೊಳ್ಳಲು ಶುರುಮಾಡುತ್ತಿದ್ದರು. ಒರೆಸಿ ಮುಗಿಯುತ್ತಲೇ ಇರಲಿಲ್ಲ.

ಮೇಷ್ಟ್ರು ಅಂಕಪಟ್ಟಿ ನೋಡುತ್ತಿರಲಿಲ್ಲ. "ನಿಮ್ಮ ಮನೆಯಿಂದ ಇಲ್ಲಿಗೆ ಬಂದ ದಾರಿ ಹೇಳು" ಎನ್ನುತ್ತಿದ್ದರು, ಅಷ್ಟೆ. ನನ್ನ ಮುಂದಿದ್ದವನು ಹೊಳೆನರಸೀಪುರಕ್ಕೆ ರೈಲು ಹಳಿಯ ಕೆಲಸಕ್ಕೆಂದು ಬಂದ ತಮಿಳರೊಬ್ಬರ ಮಗ. ಯಾವ ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ನಿಮಿಷ ನಿಂತಿತು, ಎಲ್ಲಿ ಎಷ್ಟು ತಡವಾಯಿತು ಎಂದು ಒಪ್ಪಿಸಿದ. "ಗಣಿತ" ಎಂದರು ಮೇಷ್ಟ್ರು. ಚನ್ನರಾಯಪಟ್ಟಣದಲ್ಲಿ ಟೀ ಅಂಗಡಿ ಇಟ್ಟಿದ್ದ ಮಲೆಯಾಳಿಯ ಮಗ, ಬಸ್ಸಿನಲ್ಲಿ ಸೀಟಿಗಾಗಿ ನಡೆದ ಜಗಳವನ್ನು ಎರಡೂ ಕಡೆಯವರ ಪರವಾಗಿ ವಾದಿಸಿ ತೋರಿಸಿದ. "ನೀನು ಆರ್ಟ್ಸ್ ಸೇರಿ ಮುಂದೆ ವಕೀಲನಾಗು. ಇಲ್ಲದಿದ್ದರೆ ಊರಿಗೇ ಕಷ್ಟ" ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಇದೇನು ಕಾಲೇಜೋ ಗಿಣಿಶಾಸ್ತ್ರವೋ ಅಂದುಕೊಂಡೆ. ಮುಖ ಗಂಟಿಕ್ಕಿಕೊಂಡೇ ನನ್ನ ದಾರಿ ಹೇಳಿದೆ. ಅರಕಲಗೂಡು ದಾಟಿದ ಮೇಲೆ ಆಲೂಗಡ್ಡೆ ಆಗ ತಾನೇ ಮೊಳೆತಿತ್ತು. ಎಡಗಡೆ ಹೊಲ ಚೆನ್ನಾಗಿತ್ತು, ಬಲಗಡೆಯದಕ್ಕೆ ನೀರು ನಿಂತು ಎಲೆ ಮುರುಟಿತ್ತು. ಹೇಮಾವತಿ ದಾಟಿದ ಮೇಲೆ ಮಣ್ಣಿನ ಬಣ್ಣವೇ ಬೇರೆ. ಬಸ್ಸಿನಲ್ಲಿ ಯಾರಿದ್ದರೋ ನನಗೆ ನೆನಪಿರಲಿಲ್ಲ. "ಆರ್ಟ್ಸ್ ಅಂತ ಬರೆದಿದ್ದೀಯಲ್ಲ, ಯಾಕೆ?" ಎಂದರು. "ನಾವು ಹುಡುಗೀರೆಲ್ಲ ಅದೇ ಬರ್ದಿರಾದು ಸಾ" ಎಂದೆ. "ಎಲೆ ನೋಡೋ ಕಣ್ಣಿಟ್ಟುಕೊಂಡು ಹುಡುಗೀರ ಹಿಂದೆ ಹೋಗಬೇಡ. ಸೈನ್ಸ್ ಬರಿ." ನನ್ನ ಕಣ್ಣಿನ ಬಗ್ಗೆ ಅದುವರೆಗೆ ಯಾರೂ ಒಂದು ಮಾತು ಆಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಮೇಲೆ ಅವರ ಬೆರಳು 'ಖಾಯಂ ವಾಸಸ್ಥಳ' ಎಂಬಲ್ಲಿ ನಿಂತಿತು. ಅಲ್ಲಿ ಕೃಷ್ಣಾ ತೀರದ, ಆಂಧ್ರದ ಒಂದು ಹಳ್ಳಿಯ ಹೆಸರಿತ್ತು. ಅಪ್ಪ ಹೇಳಿ ಬರೆಸಿದ್ದು. ಬುದ್ಧಿ ಬಂದ ಮೇಲೆ ನಾನು ಆ ಊರನ್ನು ಕಂಡವಳೇ ಅಲ್ಲ. ರಾಮನಾಥಪುರದಲ್ಲಿ ಹೊಗೆಸೊಪ್ಪು ಬೇಯಿಸುವ ಬೆಂಕಿಮನೆಗೆ, ಅಂದರೆ ಬ್ಯಾರನ್ನಿಗೆ, ಕಾವಿನ ಹದ ಗೊತ್ತಿದ್ದವರು ಬೇಕೆಂದು ಅಪ್ಪನನ್ನು ಕರೆಸಿದಾಗ ನನಗೆ ಎರಡು ವರ್ಷ. ಸೈನ್ಸ್ ಸೀಟು ಮೊದಲು ಇಲ್ಲಿಯವರಿಗೆ, ಉಳಿದರೆ ಹೊರಗಿನವರಿಗೆ, ಉಳಿಯುತ್ತಲೇ ಇರಲಿಲ್ಲ. ಶನಿವಾರದೊಳಗೆ ನಾವು ಇಲ್ಲಿಯ ಖಾಯಂ ನಿವಾಸಿಗಳೆಂದು ಅರಕಲಗೂಡಿನ ಅಮಲ್ದಾರರಿಂದ ಸರ್ಟಿಫಿಕೇಟು ತರಬೇಕಿತ್ತು.

ಅಪ್ಪ ಒಪ್ಪಲಿಲ್ಲ. "ಸುಳ್ಳು ಬರ್ಸಾಕಾಗಕಿಲ್ಲ ಕಣಮ್ಮಾ. ಮನ ಊರು, ನಮ್ಮೂರು, ಅದೇ. ಇಲ್ಲಿ ನಾವು ಸೀಜನ್‌ಗೆ ಬಂದೋರು" ಎಂದರು. ಹದಿನಾಲ್ಕು ವರ್ಷದ ಸೀಜನ್ನು! ನಮ್ಮ ಮನೆಯಲ್ಲಿ ಬೀರು ಇರಲಿಲ್ಲ. ಹೊರಡುವವರಿಗೆ ಬೀರು ಯಾಕೆ ಎಂದು ಬಟ್ಟೆಬರೆಯೆಲ್ಲ ಟ್ರಂಕಿನಲ್ಲೇ ಇರುತ್ತಿದ್ದವು. ಮಾರನೆಯ ದಿನ ಹಾಸನಕ್ಕೆ ಹೋಗಿ ಮೇಷ್ಟ್ರ ಮುಂದೆ ಅತ್ತುಬಿಟ್ಟೆ. ಅಮಲ್ದಾರರು ಅವರ ಹಳೆಯ ಶಿಷ್ಯರಂತೆ. ಎರಡು ಸಾಲಿನ ಚೀಟಿ ಬರೆದುಕೊಟ್ಟು, "ಅಪ್ಪನನ್ನು ಸುಮ್ಮನೆ ಕರೆದುಕೊಂಡು ಹೋಗು. ಏನೂ ಹೇಳಿಕೊಡಬೇಡ" ಎಂದರು.

ಶುಕ್ರವಾರ ಅಪ್ಪ ನನ್ನ ಕಣ್ಣೀರಿಗೆ ಸೋತು ತಾಲ್ಲೂಕು ಕಚೇರಿಗೆ ಬಂದರು, ಆದರೆ ನಿಜವನ್ನೇ ಹೇಳುತ್ತೇನೆ ಎಂಬ ಷರತ್ತಿನ ಮೇಲೆ. ಅಮಲ್ದಾರರು ಚೀಟಿ ಓದಿ ಮಡಚಿಟ್ಟರು. "ನಿಮ್ಮೂರು ಯಾವ್ದು?" ಅಪ್ಪ ಕೃಷ್ಣಾ ತೀರದ ಊರನ್ನೇ ಹೇಳಿದರು. ನನ್ನ ಸೀಟು ನೀರಿಗೆ ಬಿತ್ತು ಅಂದುಕೊಂಡೆ. ಅಮಲ್ದಾರರು ಫೈಲಿನ ಮೇಲೇ ಕಣ್ಣಿಟ್ಟು, "ಆಗ್ಲಿ. ನಾನು ನಿಮ್ಮೂರಿಗೆ ಬರ್ಬೇಕು ಅಂದ್ರೆ ದಾರಿ ಎಂಗೆ?" ಎಂದರು.

"ಇಲ್ಲೇ ಮೂರು ಗಂಟೆ ಬಸ್ಸಿಗೆ ಅತ್ತಿ ಸಾ" ಎಂದರು ಅಪ್ಪ. "ಇಂದ್ಗಡೆ ಸೀಟು ಬ್ಯಾಡಿ, ಧೂಳು. ಒಳೆ ಕಾಣ್ತದೆ, ದೇವಸ್ಥಾನಕ್ಕಿಂತ ಮುಂಚೇನೇ ಇಳ್ಕಳಿ. ಎಡಕ್ಕೆ ತಿರುಗಿದ್ರೆ ಸೌದೆ ಒಟ್ಟಿರೋ ಬ್ಯಾರನ್ನು, ಅದರ ಇಂದೇನೇ ಮನೆ. ನಾಯಿ ಬೊಗಳ್ತದೆ, ಕಚ್ಚಕಿಲ್ಲ, ಎದರ್ಬ್ಯಾಡಿ..."

ಅಲ್ಲಿಗೆ ಅಪ್ಪನ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಅಮಲ್ದಾರರು ನಗಲಿಲ್ಲ. ಲೇಖನಿ ಅದ್ದಿ ಸಹಿ ಮಾಡಿದರು. ತರ್ಕದ ಮೇಷ್ಟ್ರು ಅಪ್ಪನೊಂದಿಗೆ ಒಂದು ಮಾತೂ ವಾದಿಸದೆ ಗೆದ್ದಿದ್ದರು. ಗೆದ್ದರೂ ಅಪ್ಪನ ತಲೆ ತಗ್ಗುವಂತೆ ಮಾಡಲಿಲ್ಲ. ನಾನೂ ಮುಂದೆ ಸಸ್ಯಶಾಸ್ತ್ರದ ಮೇಷ್ಟ್ರಾದೆ, ಎಷ್ಟೋ ಮಕ್ಕಳಿಗೆ ಬುದ್ಧಿ ಹೇಳಿದೆ. ಆ ಎರಡು ಸಾಲಿನ ಚೀಟಿಯಂಥದ್ದನ್ನು ಬರೆಯಲು ನನ್ನ ಕೈಲಿ ಒಮ್ಮೆಯೂ ಆಗಲಿಲ್ಲ.

ಕಚೇರಿಯ ಜಗಲಿಯ ಮೇಲೆ ಅಪ್ಪ ನನ್ನ ಕೈಯಿಂದ ಅರ್ಜಿ ತೆಗೆದುಕೊಂಡರು. ಹಳೆಯ ಊರಿನ ಹೆಸರಿನ ಮೇಲೆ ತಾವೇ ಗೀಟು ಹಾಕಿ, ಮೇಲೆ ಬೇರೆ ಊರು ಬರೆದರು. ಅವರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ತೆಲುಗು ಅಕ್ಷರದಲ್ಲೇ ಬರೆದರು. ಆದರೆ ನಮ್ಮ ಎರಡು ಲಿಪಿಗಳು ಅಕ್ಕತಂಗಿಯರಲ್ಲವೆ, ತಲೆಕಟ್ಟು ಸ್ವಲ್ಪ ಬೇರೆ ಇದ್ದದ್ದು ಬಿಟ್ಟರೆ ಸಲೀಸಾಗಿ ಓದಬಹುದಿತ್ತು. ಕೊನೆಯಲ್ಲಿ ಮಾತ್ರ ತೆಲುಗಿನವರ ಸೊನ್ನೆ ಉಳಿದಿತ್ತು: ರಾಮನಾಥಪುರಂ.

ಶನಿವಾರ ಗುಮಾಸ್ತರು ಆ ಸೊನ್ನೆಯ ಮೇಲೆ ಪೆನ್ನು ಇಟ್ಟರು. "ಕಡೇಲಿ ಇದೇನು? ತಪ್ಪಾಗ್ಯದೆ, ಒಡೆದಾಕ್ತೀನಿ."

ಹಿಂದೆ ನಿಂತಿದ್ದ ಮೇಷ್ಟ್ರು ಬಗ್ಗಿ ನೋಡಿದರು.

"ಅದಕ್ಕೆ ಕೈ ಹಾಕಬೇಡಿ."

"ಕನ್ನಡದಲ್ಲಿ ತಪ್ಪು ಅಲ್ವ್ರಾ ಸಾ?"

"ಗೊತ್ತು. ಇರಲಿ ಬಿಡಿ."

ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಈ ಸಲ ಬೇಗ ಮುಗಿಯಿತು. ಮೊಹರು ಒತ್ತಿದರು. ಆ ಕಾಲೇಜಿನ ದಾಖಲೆಯಲ್ಲಿ ಇವತ್ತಿಗೂ ನಮ್ಮೂರು ರಾಮನಾಥಪುರಂ.